ಸರ್ಕಾರಿ ಶಾಲೆ ಪುಟ್ಟ ಮಕ್ಕಳಿಗೆ ಫ್ರೀ ಡ್ಯಾನ್ಸ್ ಕ್ಲಾಸ್: ದುಡ್ಡಿಗಿಂತ ದೊಡ್ಡ ತೊಡಕು ಟೈಮ್‌ಟೇಬಲ್ಲು

ಡಿಸೆಂಬರ್ ಬಂತು ಅಂದ್ರೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಸ್ಕೂಲ್ ಡೇ ಪ್ರಾಕ್ಟೀಸ್ ಶುರು. ಮಧ್ಯಾಹ್ನದ ಮೇಲೆ ಪಾಠ ಬಂದ್, ಯಾರೋ ಒಬ್ರು ಮಿಸ್ಸು ಮೊಬೈಲಲ್ಲಿ ಯೂಟ್ಯೂಬ್ ಹಾಕ್ಕೊಂಡು ಸ್ಟೆಪ್ ನೋಡಿ ಹೇಳ್ಕೊಡ್ತಾರೆ, ಚೆನ್ನಾಗಿ ಕುಣಿಯೋ ಆರೇಳು ಮಕ್ಕಳು ಮುಂದಿನ ಸಾಲಿಗೆ, ಸುಮಾರಾಗಿ ಕುಣಿಯೋರು ಹಿಂದಿನ ಸಾಲಿಗೆ, ಉಳಿದವರೆಲ್ಲ ಶಾಮಿಯಾನ ಕೆಳಗೆ ಕೂತು ಚಪ್ಪಾಳೆ ತಟ್ಟೋಕೆ. ಜನವರಿಯಲ್ಲಿ ಫಂಕ್ಷನ್ ಮುಗಿದ ಮೇಲೆ ಮತ್ತೆ ಮುಂದಿನ ಡಿಸೆಂಬರ್‌ವರೆಗೆ ಡ್ಯಾನ್ಸ್ ಅನ್ನೋ ಮಾತೇ ಇರಲ್ಲ. ಯಾರಾದ್ರೂ ಕೇಳಿದ್ರೆ ಮಾತ್ರ "ನಮ್ಮ ಶಾಲೆಲಿ ಡ್ಯಾನ್ಸ್ ಇದೆ" ಅಂತೀವಿ.

ಇದರಲ್ಲಿ ಮಿಸ್ಸುದು ತಪ್ಪಿಲ್ಲ ಬಿಡಿ, ಪಾಪ ಅವರು ಕನ್ನಡ, ಗಣಿತ, ಪರಿಸರ ಎಲ್ಲ ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಹಾಲು ಹಂಚಿ, ಆಮೇಲೆ ಇದನ್ನೂ ಮಾಡ್ತಿದ್ದಾರೆ. ಆದ್ರೆ ಒಂದನೇ ಕ್ಲಾಸಿಂದ ಐದನೇ ಕ್ಲಾಸವರೆಗಿನ ಮಕ್ಕಳಿಗೆ, ಎಲ್ಲರಿಗೂ, ವರ್ಷಪೂರ್ತಿ, ಒಂದು ಪೈಸೆ ತಗೊಳ್ಳದೆ ಕುಣಿತ ಕಲಿಸೋದು ಅನ್ನೋದಿದೆಯಲ್ಲ, ಅದಕ್ಕೂ ಸ್ಕೂಲ್ ಡೇಗೂ ಸಂಬಂಧವೇ ಇಲ್ಲ ಅನ್ನೋಷ್ಟು ವ್ಯತ್ಯಾಸ ಇದೆ.

ಮೊದಲು ಕಾನೂನಿಂದ ಶುರು ಮಾಡೋಣ, ಬೋರ್ ಅನ್ಸಿದ್ರೂ ಪರವಾಗಿಲ್ಲ, ಅರ್ಧ ಕಥೆ ಇಲ್ಲೇ ಇದೆ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದಿದ್ದು 2010ರ ಏಪ್ರಿಲ್ 1ಕ್ಕೆ. ಅದರಲ್ಲಿ ಮಗುವಿನ ಸರ್ವತೋಮುಖ ಬೆಳವಣಿಗೆ, ಚಟುವಟಿಕೆಯಿಂದ ಕಲಿಕೆ ಅಂತೆಲ್ಲ ಚೆನ್ನಾಗೇ ಬರೆದಿದ್ದಾರೆ. ಆದ್ರೆ ಕೊನೆಯಲ್ಲಿ ಒಂದು ಷೆಡ್ಯೂಲ್ ಇದೆ, ಶಾಲೆಗೆ ಏನೇನು ಇರಲೇಬೇಕು ಅನ್ನೋ ಪಟ್ಟಿ, ಅಲ್ಲಿ ನೋಡಿ. ಆರರಿಂದ ಎಂಟನೇ ಕ್ಲಾಸ್ ಇರೋ ಶಾಲೆ, ಅದರಲ್ಲೂ ನೂರಕ್ಕಿಂತ ಜಾಸ್ತಿ ಮಕ್ಕಳಿದ್ರೆ, ಕಲೆಗೆ ಒಬ್ರು, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಒಬ್ರು, ಕಾರ್ಯಾನುಭವಕ್ಕೆ ಒಬ್ರು ಪಾರ್ಟ್ ಟೈಮ್ ಶಿಕ್ಷಕರು ಇರಬೇಕು ಅನ್ನುತ್ತೆ. ಒಂದರಿಂದ ಐದನೇ ಕ್ಲಾಸಿಗೆ? ಕಲೆ ಮೇಷ್ಟ್ರ ಪ್ರಸ್ತಾಪವೇ ಇಲ್ಲ. ಅಂದ್ರೆ ಮಕ್ಕಳು ಸುಮ್ನೆ ಕೂರೋಕೇ ಆಗದ ವಯಸ್ಸು, ಮೈಯಿಂದಲೇ ಕಲಿಯೋ ವಯಸ್ಸು ಯಾವುದೋ ಅದೇ ವಯಸ್ಸಿಗೆ ಈ ದೇಶದ ಕಾನೂನು ಒಬ್ಬ ಕಲಾವಿದರನ್ನೂ ಕೊಟ್ಟಿಲ್ಲ. ದೊಡ್ಡ ಶಾಲೆಗೆ ಡ್ರಾಯಿಂಗ್ ಮೇಷ್ಟ್ರು, ಪಿಟಿ ಮೇಷ್ಟ್ರು ಅಂತ ಇರ್ತಾರೆ, ಕೆಲವು ಕಡೆ ಸಂಗೀತಕ್ಕೂ ಇರ್ತಾರೆ, ಡ್ಯಾನ್ಸ್ ಮೇಷ್ಟ್ರು ಅಂದ್ರೆ ಹಳ್ಳಿ ಶಾಲೆಯಲ್ಲಿ ನಗ್ತಾರೆ.

2020ರ ಹೊಸ ಶಿಕ್ಷಣ ನೀತಿ, 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎರಡರಲ್ಲೂ ಕಲಾ ಶಿಕ್ಷಣಕ್ಕೆ ದೊಡ್ಡ ಜಾಗ ಕೊಟ್ಟಿದ್ದಾರೆ, ಕಾಗದದ ಮೇಲೆ. ನಿಜವಾಗಿ ಶಾಲೆಗೆ ಬಂದು ಮುಟ್ಟೋದು ಸ್ಪರ್ಧೆಗಳೇ. ನಮ್ಮ ರಾಜ್ಯದ ಪ್ರತಿಭಾ ಕಾರಂಜಿ ಕ್ಲಸ್ಟರ್ (ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪು), ತಾಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತೆ, ಕೇಂದ್ರದ್ದು 2015ರಿಂದ ಕಲಾ ಉತ್ಸವ. ಸ್ಪರ್ಧೆ ಬೇಡ ಅಂತಲ್ಲ, ಎಷ್ಟೋ ಬಡ ಮಕ್ಕಳಿಗೆ ಸ್ಟೇಜ್ ಸಿಕ್ಕಿದ್ದೇ ಅಲ್ಲಿ. ಆದ್ರೆ ಸ್ಪರ್ಧೆ ಈಗಾಗ್ಲೇ ಬರೋ ಮಗುವನ್ನ ಹುಡುಕುತ್ತೆ, ಬರದಿರೋ ಮಗುಗೆ ಕಲಿಸಲ್ಲ. ಭರತನಾಟ್ಯದಲ್ಲಿ ಪ್ರೈಜ್ ತಗೊಂಡ ಮಗು ಕಲಿತಿದ್ದು ಎಲ್ಲಿ ಅಂತ ಕೇಳಿ ನೋಡಿ, ಬಹುತೇಕ ತಿಂಗಳಿಗೆ ಫೀಸ್ ಕಟ್ಟೋ ಹೊರಗಿನ ಕ್ಲಾಸಲ್ಲೇ ಇರುತ್ತೆ.

ಈಗ ಇದನ್ನ ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ ಒಂದು ಊರಿಗೆ ಹೋಗೋಣ. 1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿ ಅಂಚಿಗೆ ಬಂದಿತ್ತು, ಸಾವಿರಾರು ಟೀಚರ್‌ಗಳನ್ನ ಮನೆಗೆ ಕಳಿಸಿದ್ರು, ಇಂಥ ಟೈಮಲ್ಲಿ ಮೊದಲು ಕತ್ತರಿ ಬೀಳೋದು ಯಾವುದಕ್ಕೆ ಅಂತ ಹೇಳಬೇಕಾ, ಸಂಗೀತ, ಚಿತ್ರ, ಡ್ಯಾನ್ಸ್. ಮರು ವರ್ಷ 1976ರಲ್ಲಿ ಜಾಕ್ ಡಾಂಬ್ವಾಸ್ ಅನ್ನೋ ಬ್ಯಾಲೆ ಕಲಾವಿದ ನ್ಯಾಷನಲ್ ಡ್ಯಾನ್ಸ್ ಇನ್‌ಸ್ಟಿಟ್ಯೂಟ್ ಅಂತ ಶುರು ಮಾಡಿದ. ಈತ ಸಾಮಾನ್ಯ ಆಸಾಮಿ ಅಲ್ಲ, ನ್ಯೂಯಾರ್ಕ್ ಸಿಟಿ ಬ್ಯಾಲೆ ಕಂಪನಿಯಲ್ಲಿ ಬಾಲಂಚೀನ್ ಅನ್ನೋ ದೊಡ್ಡ ನೃತ್ಯ ನಿರ್ದೇಶಕರ ಕೈಕೆಳಗೆ ಬೆಳೆದ ಮುಖ್ಯ ನರ್ತಕ, ಹದಿನೈದನೇ ವಯಸ್ಸಿಗೇ ಆ ಕಂಪನಿಗೆ ಸೇರಿದ್ದವನು. ಅವನು ಡ್ಯಾನ್ಸಿಗೆ ಬಂದಿದ್ದೇ ತಮಾಷೆ, ಅಕ್ಕನ ಬ್ಯಾಲೆ ಕ್ಲಾಸಿಗೆ ಅಮ್ಮನ ಜೊತೆ ಹೋಗಿ ಕೂತು ಕಿತಾಪತಿ ಮಾಡ್ತಿದ್ದ ಏಳು ವರ್ಷದ ಹುಡುಗನಿಗೆ ಟೀಚರಮ್ಮ "ಎಷ್ಟು ಎತ್ತರ ಹಾರ್ತೀಯ ತೋರ್ಸು" ಅಂತ ಸವಾಲು ಹಾಕಿದ್ರಂತೆ. ಅದಕ್ಕೇ ಇರಬೇಕು, ಅವನು ಶಾಲೆಗಳಿಗೆ ಹೋದಾಗ ಮೊದಲು ಹಿಡಿದಿದ್ದು ಗಂಡು ಹುಡುಗರನ್ನ, ಹೆಣ್ಣುಮಕ್ಕಳು ಆಮೇಲೆ ಸೇರಿದ್ದು.

ಆ ಸಂಸ್ಥೆಯ ಗುಟ್ಟು ಅಂತ ಏನಾದ್ರೂ ಇದ್ರೆ ಕೆಲವು ಹಟಗಳು ಅಷ್ಟೇ. ಕ್ಲಾಸು ಶಾಲೆ ಟೈಮಲ್ಲೇ ಆಗಬೇಕು, ಸಂಜೆ ಅಲ್ಲ, ಯಾಕಂದ್ರೆ ಸಂಜೆ ಅಂದ್ರೆ ಕರ್ಕೊಂಡು ಹೋಗೋಕೆ ಬಿಡುವಿರೋ ಅಪ್ಪಅಮ್ಮ ಇರೋ ಮಕ್ಕಳು ಮಾತ್ರ ಉಳೀತಾರೆ. ಇಡೀ ಕ್ಲಾಸಿಗೆ ಕಲಿಸಬೇಕು, ಆಡಿಷನ್ ಇಟ್ಟು ಸೋಸಬಾರದು, ಬಹುಪಾಲು ನಾಲ್ಕು ಐದನೇ ಕ್ಲಾಸ್ ಮಕ್ಕಳು. ಸಂಗೀತ ಲೈವ್ ಇರಬೇಕು, ಪಿಯಾನೋ ಅಥವಾ ಡ್ರಮ್ ಬಾರಿಸೋರು ಕ್ಲಾಸಲ್ಲೇ ಇರ್ತಾರೆ. ವರ್ಷಕ್ಕೊಂದು ಥೀಮು, ವರ್ಷದ ಕೊನೆಗೆ ಎಲ್ಲ ಮಕ್ಕಳೂ ಸ್ಟೇಜಿಗೆ. ಈ ಕೆಲಸದ ಮೇಲೆ ಮಾಡಿದ ಡಾಕ್ಯುಮೆಂಟರಿ 1983ರಲ್ಲಿ ಬಂದು ಆಸ್ಕರ್ ಗೆದ್ದಿದೆ, 1990ರಲ್ಲಿ ಡಾಂಬ್ವಾಸ್‌ಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಅನ್ನೋ ದೊಡ್ಡ ಗೌರವ ಸಿಕ್ತು, 2011ರಲ್ಲಿ ಹಾರ್ಲೆಮ್‌ನ ಒಂದು ಹಳೇ ಸರ್ಕಾರಿ ಶಾಲೆ ಕಟ್ಟಡದಲ್ಲೇ ಸಂಸ್ಥೆಗೆ ಸ್ವಂತ ಜಾಗ ಆಯ್ತು. ಆತ 2021ರಲ್ಲಿ ತೀರಿಕೊಂಡ, ಕ್ಲಾಸುಗಳು ನಡೀತಾನೇ ಇವೆ.

ಲೈವ್ ಸಂಗೀತ ಯಾಕೆ ಅಷ್ಟು ಮುಖ್ಯ ಅಂತ ಒಂದು ಮಾತು ಹೇಳ್ಬೇಕು, ಇದನ್ನ ದುಡ್ಡು ಉಳಿಸೋಕೆ ಅಂತ ಎಲ್ಲರೂ ಮೊದಲು ಕಿತ್ತುಹಾಕೋದು. ಸ್ಪೀಕರ್ ಮಗುಗೋಸ್ಕರ ಕಾಯಲ್ಲ. ಮಗು ಹೆಜ್ಜೆ ತಪ್ಪಿದ್ರೂ ಹಾಡು ಓಡ್ತಾ ಇರುತ್ತೆ, ತಪ್ಪಿದ ಮಗು ಪಕ್ಕದವರನ್ನ ನೋಡ್ಕೊಂಡು ಅರ್ಧ ಸೆಕೆಂಡ್ ಹಿಂದೆ ಹಿಂದೆ ಓಡುತ್ತೆ, ಹಂಗೇ ವರ್ಷ ಮುಗಿಸಿಬಿಡುತ್ತೆ. ತಮಟೆಯೋ ಡೊಳ್ಳೋ ಹಿಡಿದ ಮನುಷ್ಯ ಇದ್ರೆ ನಿಲ್ಲಿಸ್ತಾನೆ, ನಿಧಾನ ಮಾಡ್ತಾನೆ, ಅದೇ ನಾಲ್ಕು ಪೆಟ್ಟನ್ನ ಹತ್ತು ಸಲ ಬಾರಿಸ್ತಾನೆ, ಮಗು ಹಿಡ್ಕೊಂಡ ಮೇಲೆ ಸ್ಪೀಡ್ ಏರಿಸ್ತಾನೆ. ಸಾಲು ಬದಲಾಯಿಸೋದೂ ಹಂಗೇ, ಹತ್ತು ನಿಮಿಷಕ್ಕೊಮ್ಮೆ ಹಿಂದಿನ ಸಾಲು ಮುಂದಕ್ಕೆ ಬಂದ್ರೆ ಕದ್ದು ನೋಡ್ಕೊಂಡು ಕುಣಿಯೋಕೆ ಯಾರಿಗೂ ಆಗಲ್ಲ. ಚಿಕ್ಕ ವಿಷಯ ಅನ್ಸುತ್ತೆ, ಆದ್ರೆ ಸ್ಕೂಲ್ ಡೇ ಡ್ಯಾನ್ಸಲ್ಲಿ ಮುಂದಿನ ಸಾಲು ಕೊನೇವರೆಗೂ ಮುಂದೇನೇ ಇರುತ್ತೆ ಅನ್ನೋದನ್ನ ನೆನಪಿಸ್ಕೊಳ್ಳಿ.

ಇನ್ನೊಂದು ದಾರಿನೂ ಇದೆ. ಬಾಸ್ಟನ್ ಬ್ಯಾಲೆಯವರದ್ದು 1991ರಿಂದ ಸಿಟಿಡ್ಯಾನ್ಸ್ ಅಂತ ಒಂದು ಕಾರ್ಯಕ್ರಮ, ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿಗೆ ಹೋಗಿ ಪರಿಚಯದ ಪಾಠ ಮಾಡಿ, ಅಲ್ಲಿಂದ ಆಯ್ದ ಮಕ್ಕಳಿಗೆ ಫ್ರೀ ತರಬೇತಿ ಕೊಡೋದು. ಬ್ಯಾಲೆ ಕಂಪನಿಗಳ ಕಡೆಯಿಂದ ನೋಡಿದ್ರೆ ಇದು ಸರಿನೇ, ಬಡವರ ಮನೆ ಮಗುಗೂ ದುಬಾರಿ ಕಲೆಯ ಬಾಗಿಲು ತೆರೆಯುತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ ನಮ್ಮ ಒಂದರಿಂದ ಐದನೇ ಕ್ಲಾಸಿಗೆ ಈ ದಾರಿ ಬೇಡ, ಏಳು ವರ್ಷದ ಮಗುಗೆ "ನಿನ್ನ ಮೈ ಕುಣಿತಕ್ಕೆ ಆಗಲ್ಲ" ಅಂತ ಹೇಳಿ ಕಳಿಸೋ ಕೆಲಸ ಶಾಲೆ ಮಾಡಬಾರದು.

ಸರಿ, ಏನು ಕಲಿಸೋದು? ಇಲ್ಲೇ ಎಲ್ಲರೂ ಜಗಳ ಆಡೋದು. ಭರತನಾಟ್ಯ ಅಂತ ಒಬ್ರು, ಜಾನಪದ ಅಂತ ಇನ್ನೊಬ್ರು, ಮಕ್ಕಳಿಗೆ ಇಷ್ಟ ಆಗೋದು ಸಿನಿಮಾ ಹಾಡೇ ಅಲ್ವಾ ಅಂತ ಮತ್ತೊಬ್ರು. ಮೊದಲು ಮಕ್ಕಳ ಮೈ ಏನು ಹೇಳುತ್ತೆ ಕೇಳಿ. ಆರು ವರ್ಷದ ಮಗು ಓಡುತ್ತೆ, ಕುಪ್ಪಳಿಸುತ್ತೆ, ಒಂಟಿಕಾಲಲ್ಲಿ ಕುಂಟುತ್ತೆ, ಆದ್ರೆ ಎಡ ಬಲ ಗೊಂದಲ ಏಳೆಂಟು ವರ್ಷದವರೆಗೂ ಇರೋದು ಮಾಮೂಲು, ಅದು ದಡ್ಡತನ ಅಲ್ಲ. ಅದೇ ಒಂದು ಸ್ಟೆಪ್ಪಲ್ಲಿ ಹತ್ತು ನಿಮಿಷ ನಿಲ್ಲಿಸಿದ್ರೆ ಗಮನ ಹೋಗಿಬಿಡುತ್ತೆ. ಅರಮಂಡಿ, ಅಂದ್ರೆ ಮೊಣಕಾಲು ಹೊರಕ್ಕೆ ತಿರುಗಿಸಿ ಅರ್ಧ ಕೂರೋ ಭಂಗಿ, ಶಾಸ್ತ್ರೀಯ ನೃತ್ಯದ ಬುನಾದಿ, ನಿಜ, ಆದ್ರೆ ನಲವತ್ತು ಮಕ್ಕಳನ್ನ ಒಬ್ಬ ಟೀಚರ್ ಅರಮಂಡಿ ಕೂರಿಸಿದ್ರೆ ಯಾರ ಮೊಣಕಾಲು ಯಾವ ಕಡೆ ತಿರುಗಿದೆ ಅಂತ ನೋಡೋಕಾಗುತ್ತಾ? ಅದು ಹತ್ತು ಮಕ್ಕಳ ಕ್ಲಾಸಿನ ವಿದ್ಯೆ. ಅದೂ ಅಲ್ದೆ ನಮ್ಮ ಶಾಲೆ ನೆಲ ಸಿಮೆಂಟು ಇಲ್ಲಾ ಕಡಪ ಕಲ್ಲು, ಮೇಲೆ ಹಾರಿ ಇಳಿಯೋದು ಬರಿಗಾಲಿಗೆ ಒಳ್ಳೇದಲ್ಲ, ಹಾರೋದನ್ನ ಅಂಗಳದ ಮಣ್ಣಿನ ಮೇಲೆ ಇಟ್ಕೊಳ್ಳೋದು ವಾಸಿ.

ನಂಗೆ ಕೋಲಾಟದಷ್ಟು ಶಾಲೆಗೆ ಹೊಂದೋ ಕುಣಿತ ಬೇರೆ ಇಲ್ಲ ಅನ್ಸುತ್ತೆ, ಅದರಲ್ಲೂ ಮೂರರಿಂದ ಐದನೇ ಕ್ಲಾಸಿಗೆ. ಖರ್ಚು ಒಂದು ಜೊತೆ ಕೋಲು. ಗಂಡು ಹೆಣ್ಣು ಎಲ್ಲರೂ ಆಡ್ತಾರೆ, ಕರ್ನಾಟಕದ ಯಾವ ಮೂಲೆಗೆ ಹೋದ್ರೂ ಊರಲ್ಲಿ ಗೊತ್ತಿರೋ ಅಜ್ಜನೋ ಅಜ್ಜಿಯೋ ಸಿಗ್ತಾರೆ. ಮುಖ್ಯವಾಗಿ ಒಬ್ಬಂಟಿಯಾಗಿ ಆಡೋಕೇ ಆಗಲ್ಲ, ಎದುರಿನ ಮಗು ಕೋಲು ಸರಿಯಾದ ಟೈಮಿಗೆ ಬರದಿದ್ರೆ ನಿನ್ನ ಪೆಟ್ಟು ಗಾಳಿಗೆ. ಕೋಪು ಅಂತಾರಲ್ಲ, ಕೋಲಾಟದ ಒಂದೊಂದು ವಿನ್ಯಾಸಕ್ಕೆ, ಸುಲಭದ ಕೋಪಿಂದ ಶುರು ಮಾಡಿ ವರ್ಷಪೂರ್ತಿ ಏರಿಸ್ತಾ ಹೋಗಬಹುದು. ಜಡೆ ಕೋಲಾಟಕ್ಕೆ ಬಂದ್ರಂತೂ ನಿಜಕ್ಕೂ ಮಜಾ. ಮೇಲಿಂದ ಇಳಿಬಿಟ್ಟ ಬಣ್ಣದ ಹಗ್ಗ ಒಬ್ಬೊಬ್ರು ಹಿಡ್ಕೊಂಡು, ಒಳಗೆ ಹೊರಗೆ ಒಳಗೆ ಹೊರಗೆ ಅಂತ ಸುತ್ತಿದ್ರೆ ಮೇಲೆ ಜಡೆ ಹೆಣೆದುಕೊಳ್ಳುತ್ತೆ, ಆಮೇಲೆ ಅದೇ ಹೆಜ್ಜೆಗಳನ್ನ ಹಿಂದುಮುಂದಾಗಿ ಹಾಕಿ ಬಿಚ್ಚಬೇಕು, ಒಬ್ಬ ತಪ್ಪಿದ್ರೆ ಗಂಟು. ಐದನೇ ಕ್ಲಾಸ್ ಮಗುಗೆ ಕ್ರಮ, ವಿರುದ್ಧ ಕ್ರಮ ಅಂದ್ರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಬೋರ್ಡ್ ಮೇಲೆ ಬರೆದು ತೋರ್ಸೋಕಾಗಲ್ಲ.

ಎಲ್ಲ ಜಾನಪದಾನೂ ಹಿಂಗೆ ಸಲೀಸಾಗಿ ಎತ್ಕೊಂಡು ಬರೋಕಾಗಲ್ಲ ಅನ್ನೋದೂ ಗೊತ್ತಿರಲಿ. ಕಂಸಾಳೆ ಮಾದಪ್ಪನ ಗುಡ್ಡರದ್ದು, ಅಂದ್ರೆ ಆತನ ಭಕ್ತರದ್ದು, ಅದಕ್ಕೆ ದೀಕ್ಷೆ ಇದೆ, ಡೊಳ್ಳು ಬೀರಪ್ಪನ ಪೂಜೆಗೆ ಸೇರಿದ್ದು. ಕಲಿಸಬಾರದು ಅಂತಲ್ಲ, ಆ ಸಮುದಾಯದ ಕಲಾವಿದರನ್ನೇ ಕರೆದು, ಅವರಿಗೆ ಗೌರವಧನ ಕೊಟ್ಟು, ಏನು ಕಲಿಸಬಹುದು ಏನು ಬೇಡ ಅನ್ನೋದನ್ನ ಅವರಿಂದಲೇ ಕೇಳಿ ಮಾಡಬೇಕು. ಹಂಗೇ ಕೆಲವು ಮನೆಗಳಲ್ಲಿ ಮಕ್ಕಳು ಕುಣಿಯೋದಕ್ಕೇ ಒಪ್ಪಲ್ಲ, ಧರ್ಮದ ಕಾರಣಕ್ಕೋ ಹೆಣ್ಣುಮಗು ಅಂತಲೋ. ಅಂಥ ಕಡೆ ದೇವರ ಹಾಡಿನಿಂದ ಶುರು ಮಾಡದೆ ತಾಳ, ಚಪ್ಪಾಳೆ, ನಡಿಗೆ, ಆಟ ಅಂತ ಶುರು ಮಾಡಿದ್ರೆ, ಒಂದು ಸಲ ಪೋಷಕರನ್ನ ಕರೆದು ಕ್ಲಾಸ್ ತೋರಿಸಿದ್ರೆ, ಬಹಳಷ್ಟು ಗಂಟು ಬಿಚ್ಚುತ್ತೆ.

ಒಂದು ಎರಡನೇ ಕ್ಲಾಸಿನ ಚಿಂತೆ ಇನ್ನೂ ಕಡಿಮೆ, ಯಾಕಂದ್ರೆ ನಮ್ಮ ಹತ್ರ ಅರ್ಧ ತಯಾರಿ ಆಗಲೇ ಇದೆ. ನಲಿ ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ, ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನೋಡಿಬಂದ ಟೀಚರ್‌ಗಳೇ ಕಟ್ಟಿದ್ದು, ಆಮೇಲೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಒಂದು, ಎರಡು, ಮೂರನೇ ಕ್ಲಾಸ್ ಮಕ್ಕಳು ಒಂದೇ ಕೋಣೆಯಲ್ಲಿ, ಗುಂಪು ಗುಂಪಾಗಿ, ಕಾರ್ಡು, ಕಲಿಕಾ ಏಣಿ, ಮಧ್ಯೆ ಮಧ್ಯೆ ಅಭಿನಯ ಗೀತೆ. ಆ ಅಭಿನಯ ಗೀತೆ ಇದೆಯಲ್ಲ, ಅದೇ ಡ್ಯಾನ್ಸ್ ಕ್ಲಾಸಿನ ಬಾಗಿಲು. ಈಗ ಬಹಳ ಕಡೆ ಅದು ಕೈ ಆಡಿಸಿ ಮುಗಿಸೋ ಶಾಸ್ತ್ರ ಆಗಿದೆ. ಒಬ್ಬ ಒಳ್ಳೆ ನೃತ್ಯ ಕಲಾವಿದೆ ಬಂದು ಅದೇ ಹಾಡಿಗೆ "ಈಗ ಆನೆ ನಡಿಗೆಯಲ್ಲಿ ನಾಲ್ಕು ಎಣಿಕೆ, ಗುಬ್ಬಿ ನಡಿಗೆಯಲ್ಲಿ ಎಂಟು ಎಣಿಕೆ, ತಮಟೆ ನಿಂತ ತಕ್ಷಣ ಕಲ್ಲು" ಅಂದ್ರೆ ಅಲ್ಲೇ ಲಯ ಬಂತು, ಭಾರ ಹಗುರ ಬಂತು, ಮೈ ಮೇಲೆ ಹಿಡಿತ ಬಂತು. ಬೇರೆ ಸಿಲಬಸ್ ಬೇಕಾಗಿಲ್ಲ.

ಈಗ ಲೆಕ್ಕ. ಟೈಮ್ ಇಲ್ಲ ಅನ್ನೋದೇ ಹೆಡ್ ಮೇಷ್ಟ್ರುಗಳ ಮೊದಲ ಉತ್ತರ, ಅದಕ್ಕೇ ಮಾಡಿ ನೋಡೋಣ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು. ವಾರಕ್ಕೆ ಆರು ದಿನ ಅಂದ್ರೆ ಸುಮಾರು 33 ವಾರ. ವಾರಕ್ಕೊಂದು 40 ನಿಮಿಷದ ಪೀರಿಯಡ್ ಡ್ಯಾನ್ಸಿಗೆ ಕೊಟ್ರೆ ವರ್ಷಕ್ಕೆ 22 ಗಂಟೆ, 800ರಲ್ಲಿ ಶೇಕಡಾ 3 ಕೂಡ ಇಲ್ಲ. ಸ್ಕೂಲ್ ಡೇಗೆ ಅಂತ ಡಿಸೆಂಬರಲ್ಲಿ ದಿನಾ ಎರಡು ಗಂಟೆ ಹದಿನೈದು ದಿನ ಪಾಠ ನಿಲ್ಲಿಸಿದ್ರೆ 30 ಗಂಟೆ ಹೋಯ್ತು ಅನ್ನೋದನ್ನ ಯಾರೂ ಲೆಕ್ಕ ಹಾಕಲ್ಲ!

ಕಲಾವಿದರ ಲೆಕ್ಕ ಇನ್ನೂ ಸ್ವಾರಸ್ಯ. ಒಬ್ರು ದಿನಕ್ಕೆ ನಾಲ್ಕು ಕ್ಲಾಸ್ ತಗೊಂಡ್ರೆ ಐದು ದಿನಕ್ಕೆ ಇಪ್ಪತ್ತು ಕ್ಲಾಸ್ ಆಯ್ತು. ಐದು ಕ್ಲಾಸೂ ಬೇರೆ ಬೇರೆ ಇರೋ ದೊಡ್ಡ ಶಾಲೆಯಾದ್ರೆ ನಾಲ್ಕೇ ಶಾಲೆಗೆ ಮುಗೀತು. ಆದ್ರೆ ಹಳ್ಳಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ ಕಲಿಯದ್ದು ಒಂದು ಗುಂಪು, ನಾಲ್ಕು ಐದು ಸೇರಿ ಇನ್ನೊಂದು ಗುಂಪು, ಶಾಲೆಗೆ ಎರಡೇ ಕ್ಲಾಸು, ಹಂಗಾಗಿ ಒಬ್ಬರೇ ಹತ್ತು ಶಾಲೆ ನೋಡ್ಕೋಬಹುದು, ಹೆಚ್ಚುಕಮ್ಮಿ ಒಂದು ಕ್ಲಸ್ಟರ್ ಲೆಕ್ಕ. ಚಿಕ್ಕ ಶಾಲೆ ಅಂದ್ರೆ ಎಲ್ಲದಕ್ಕೂ ತಾಪತ್ರಯ, ಇದಕ್ಕೆ ಮಾತ್ರ ಅನುಕೂಲ. ಅಡ್ಡ ಬರೋದು ಬಸ್ಸು, ಬೆಳಿಗ್ಗೆ ಒಂದು ಸಂಜೆ ಒಂದು ಬರೋ ಊರಿಗೆ ದಿನಕ್ಕೆ ಎರಡು ಶಾಲೆ ಮಾಡೋದು ಗಾಡಿ ಇರೋರಿಗೆ ಮಾತ್ರ ಸಾಧ್ಯ, ಪೆಟ್ರೋಲ್ ದುಡ್ಡು ಸಂಬಳದ ಹೊರಗೆ ಕೊಡದಿದ್ರೆ ಯಾರೂ ಎರಡನೇ ವರ್ಷ ಬರಲ್ಲ. ಟೈಮೂ ನೋಡ್ಕೋಬೇಕು, ಬೆಳಿಗ್ಗೆ ಹಾಲು ಕುಡಿದು ಸ್ವಲ್ಪ ಹೊತ್ತಾದ ಮೇಲೆ, ಬಿಸಿಯೂಟಕ್ಕೆ ಮುಂಚೆ. ಊಟ ಆದ ತಕ್ಷಣ ಕುಣಿಸಿದ್ರೆ ಹೊಟ್ಟೆನೋವು ಗ್ಯಾರಂಟಿ, ಕೊನೇ ಪೀರಿಯಡ್‌ಗೆ ಇಟ್ರೆ ಅದನ್ನ ಇನ್ನೊಂದು ಪಾಠ ನುಂಗಿಹಾಕುತ್ತೆ.

ಫ್ರೀ ಅನ್ನೋ ಮಾತಿಗೆ ಬಂದ್ರೆ, ಫೀಸ್ ಇಲ್ಲ ಅಂದ ಮಾತ್ರಕ್ಕೆ ಫ್ರೀ ಆಗಲ್ಲ. ಡ್ರೆಸ್ ಬಾಡಿಗೆ, ಮೇಕಪ್ಪು, ಗೆಜ್ಜೆ, ಪ್ರೋಗ್ರಾಂಗೆ ಹೋಗೋ ವ್ಯಾನು, ಫೋಟೋ. ಕೂಲಿಗೆ ಹೋಗೋ ಮನೆಗೆ ಡ್ರೆಸ್ ಬಾಡಿಗೆನೇ ಅರ್ಧ ದಿನದ ದುಡಿಮೆ, "ದುಡ್ಡು ತಂದ್ರೆ ಮಾತ್ರ ಡ್ಯಾನ್ಸಲ್ಲಿ ಹೆಸರು" ಅಂದ ದಿನವೇ ಆ ಮಗುಗೆ ಹೊಟ್ಟೆನೋವು ಜ್ವರ ಎಲ್ಲ ಬರುತ್ತೆ. ಯೂನಿಫಾರ್ಮಲ್ಲೇ ಕುಣಿಯೋದು, ಹುಡುಗೀರಿಗೆ ಲಂಗದ ಕೆಳಗೆ ಲೆಗ್ಗಿಂಗ್ಸ್ ಬೇಕಿದ್ರೆ ಅದನ್ನ ಶಾಲೆಯೇ ಕೊಡೋದು, ಸೊಂಟಕ್ಕೊಂದು ಬಣ್ಣದ ಬಟ್ಟೆ ಸಾಕು.

ಇದರಿಂದ ಏನು ಲಾಭ ಅಂತ ಕೇಳಿದ್ರೆ, ಡ್ಯಾನ್ಸ್ ಕಲಿತ್ರೆ ಗಣಿತ ಬರುತ್ತೆ, ಮಾರ್ಕ್ಸ್ ಏರುತ್ತೆ ಅನ್ನೋ ವಾಟ್ಸಾಪ್ ಮಾತುಗಳನ್ನ ನಂಬಬೇಡಿ. ಹಾರ್ವರ್ಡ್‌ನ ಪ್ರಾಜೆಕ್ಟ್ ಜೀರೋ ಅನ್ನೋ ಸಂಶೋಧನಾ ತಂಡದಲ್ಲಿ ಎಲೆನ್ ವಿನ್ನರ್, ಲೋಯಿಸ್ ಹೆಟ್‌ಲ್ಯಾಂಡ್ ಸೇರಿ ಹಳೇ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2000ದಲ್ಲಿ ವರದಿ ಕೊಟ್ರು. ಕಲೆ ಕಲಿತ್ರೆ ಬೇರೆ ಸಬ್ಜೆಕ್ಟಲ್ಲಿ ಮುಂದೆ ಬರ್ತಾರೆ ಅನ್ನೋದಕ್ಕೆ ಗಟ್ಟಿ ಪುರಾವೆ ಬಹಳ ಕಡಿಮೆ ಕಡೆ ಸಿಕ್ತು. ಡ್ಯಾನ್ಸಿಂದ ಓದು ಸುಧಾರಿಸುತ್ತೆ ಅನ್ನೋದಕ್ಕೆ ಸಿಗಲಿಲ್ಲ, ಆಕಾರ ಜಾಗ ಇವನ್ನ ಮನಸ್ಸಲ್ಲಿ ಹಿಡಿಯೋ ಶಕ್ತಿಗೆ ಸ್ವಲ್ಪ ಸಂಬಂಧ ಕಾಣಿಸ್ತು, ಅದೂ ಕೆಲವೇ ಅಧ್ಯಯನಗಳಿಂದ. ನಂಗೆ ಇದರಿಂದ ಬೇಜಾರೇನಿಲ್ಲ. ಗಣಿತಕ್ಕೆ ಗಣಿತದ ಪೀರಿಯಡ್ ಇದೆಯಪ್ಪಾ. ಕುಣಿತ ಬಂದ್ರೆ ಕುಣಿಯೋಕೆ ಬರುತ್ತೆ, ನಾಲ್ಕು ಜನರ ಮುಂದೆ ಮೈ ಮುದುಡದೆ ನಿಲ್ಲೋಕೆ ಬರುತ್ತೆ, ಇನ್ನೊಬ್ರ ತಾಳಕ್ಕೆ ಕಾಯೋಕೆ ಬರುತ್ತೆ. ಬೇರೆ ಸಬ್ಜೆಕ್ಟಿಗೆ ಆಳಾಗಿ ಡ್ಯಾನ್ಸನ್ನ ಒಳಗೆ ಬಿಟ್ಕೊಂಡ್ರೆ, ಮಾರ್ಕ್ಸ್ ಬರದ ವರ್ಷ ಅದನ್ನ ಹೊರಗೆ ಹಾಕ್ತಾರೆ.

ನಮ್ಮಲ್ಲಿ ಇದು ಆಗಲ್ಲ ಅನ್ನೋರು ಒಂದು ಸಲ ಉಡುಪಿ ಕಡೆ ನೋಡಬೇಕು. ಅಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ವರ್ಷಗಳಿಂದ ಹೈಸ್ಕೂಲುಗಳಿಗೆ ಯಕ್ಷಗಾನದ ಗುರುಗಳನ್ನ ಕಳಿಸಿ ಫ್ರೀಯಾಗಿ ಕಲಿಸ್ತಾ ಬಂದಿದೆ, ಕೊನೆಗೆ ಕಿಶೋರ ಯಕ್ಷಗಾನ ಸಂಭ್ರಮ ಅಂತ ಪೂರ್ತಿ ವೇಷ, ಭಾಗವತರು, ಚಂಡೆ ಮದ್ದಳೆ ಸಮೇತ ಪ್ರಸಂಗ ಆಡಿಸ್ತಾರೆ. ಗಂಡಸರೇ ಆಡ್ತಿದ್ದ ಆಟಕ್ಕೆ ಈಗ ಹುಡುಗೀರು ಕಿರೀಟ ಕಟ್ಕೊಂಡು ಬರ್ತಾರೆ. ನೋಡಿ, ನ್ಯೂಯಾರ್ಕಿನವರ ಹಟಗಳು ಇಲ್ಲೂ ಸುಮಾರಾಗಿ ಇವೆ, ಗುರು ಶಾಲೆಗೇ ಬರೋದು, ಹಿಮ್ಮೇಳ ಲೈವ್, ವರ್ಷದ ಕೊನೆಗೆ ರಂಗ, ಮನೆಯವರಿಂದ ದುಡ್ಡಿಲ್ಲ. ಕರಾವಳಿಯಲ್ಲಿ ಇದು ಆಗೋಕೆ ಕಾರಣ ಊರಿಗೆ ಊರೇ ಯಕ್ಷಗಾನದ ಹುಚ್ಚು ಇರೋದು, ದಾನಿಗಳು ಸಿಗ್ತಾರೆ, ವೇಷ ಕೊಡೋರು ಸಿಗ್ತಾರೆ, ಕೂತು ನೋಡೋ ಜನ ಸಿಗ್ತಾರೆ. ಆದ್ರೆ ಅದು ಹೈಸ್ಕೂಲ್ ವಯಸ್ಸಿನವರಿಗೆ. ತಾಳ ಹೆಜ್ಜೆ ಎರಡೂ ಹೊಸದಾಗಿ ಹದಿಮೂರಕ್ಕೆ ಶುರು ಮಾಡೋದಕ್ಕಿಂತ ಏಳಕ್ಕೇ ಚಪ್ಪಾಳೆಯಲ್ಲಿ ಏಕತಾಳ ಹಿಡಿದ ಮಗು ಅಲ್ಲಿಗೆ ಬಂದ್ರೆ ಗುರುಗಳ ಅರ್ಧ ಕೆಲಸ ಕಡಿಮೆ.

ಕೊನೆಯದಾಗಿ ಕ್ಲಾಸ್ ಟೀಚರ್ ವಿಷಯ, ಬಹಳ ಜನ ಮರೆಯೋದು ಇದನ್ನೇ. ಹೊರಗಿಂದ ಕಲಾವಿದರು ಬಂದಾಗ ಮಿಸ್ಸು ಸ್ಟಾಫ್ ರೂಮಿಗೆ ಹೋಗಿ ರಿಜಿಸ್ಟರ್ ಬರೀತಾ ಕೂರಬಾರದು, ಕ್ಲಾಸಲ್ಲೇ ಇರಬೇಕು. ಒಂದು, ಮಕ್ಕಳ ಸುರಕ್ಷತೆ, ಮೈ ಮುಟ್ಟಿ ತಿದ್ದೋ ವಿದ್ಯೆ ಇದು, ಇನ್ನೊಬ್ಬ ದೊಡ್ಡವರ ಕಣ್ಣು ಇರಲೇಬೇಕು, ಆದಷ್ಟು ಮುಟ್ಟದೇ ತೋರಿಸಿಯೇ ತಿದ್ದಬೇಕು. ಎರಡು, ಸಂಸ್ಥೆಗಳ ದುಡ್ಡು ಎರಡು ಮೂರು ವರ್ಷಕ್ಕೆ ಖಾಲಿ ಆಗುತ್ತೆ, ಪ್ರಾಜೆಕ್ಟ್ ಮುಗೀತು ಅಂತ ಕಲಾವಿದರು ಹೋಗ್ತಾರೆ, ಅಷ್ಟರಲ್ಲಿ ಮಿಸ್ಸು ಜೊತೆಗೆ ಕುಣಿದು ನಾಲ್ಕು ಕೋಪು ಕಲಿತಿದ್ರೆ ಶಾಲೆಯಲ್ಲಿ ಏನೋ ಉಳೀತು, ಇಲ್ಲಾಂದ್ರೆ ಕೋಲುಗಳು ಬೀರು ಹಿಂದೆ ಹೋಗಿ ಸೇರ್ತವೆ. ನಿಮ್ಮೂರ ಶಾಲೆಗೆ ಯಾರಾದ್ರೂ ಫ್ರೀ ಡ್ಯಾನ್ಸ್ ಕ್ಲಾಸ್ ಮಾಡ್ತೀವಿ ಅಂತ ಬಂದ್ರೆ ಎಸ್‌ಡಿಎಂಸಿಯವರು, ಅಂದ್ರೆ ಶಾಲೆ ನೋಡ್ಕೊಳ್ಳೋ ಪೋಷಕರ ಸಮಿತಿಯವರು, ಪಟಪಟ ಕೇಳಿಬಿಡಿ: ಎಲ್ಲ ಮಕ್ಕಳಿಗಾ ಇಲ್ಲಾ ಆಯ್ದವರಿಗಾ, ಯಾವ ದಿನ ಯಾವ ಪೀರಿಯಡ್, ಬಾರಿಸೋರು ಯಾರು, ಡ್ರೆಸ್ ದುಡ್ಡು ಯಾರದ್ದು, ನಮ್ಮ ಟೀಚರ್‌ಗೂ ಕಲಿಸ್ತೀರಾ. ಐದರಲ್ಲಿ ಮೂರಕ್ಕಾದ್ರೂ ನೇರ ಉತ್ತರ ಬಂದ್ರೆ ಟೈಮ್‌ಟೇಬಲ್ ತೆಗೆದು ಪೀರಿಯಡ್ ಬರೆದುಕೊಡಿ, ಪೆನ್ಸಿಲಲ್ಲಲ್ಲ, ಪೆನ್ನಲ್ಲಿ.